ಕಾಣೆಯಾದ ಫೈಲು ಮತ್ತು ಮನೆಮಂದಿ

ಬೆಳಿಗ್ಗೆ ಒಲೆಯ ಮೇಲೆ ಕುಕ್ಕರ್ ಇಟ್ಟು ಬಂದು ಕಂಪ್ಯೂಟರಿನ ಗುಂಡಿ ಒತ್ತಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದೇ ಸಾಲು. ಶುರುವಾಗಲು ಬೇಕಾದ ಫೈಲು ಕಾಣೆಯಾಗಿದೆಯಂತೆ, ಯಾವುದಾದರೂ ಕೀಲಿ ಒತ್ತಿ ಮತ್ತೆ ಪ್ರಯತ್ನಿಸಬೇಕಂತೆ. ಒತ್ತಿದೆ. ಅದೇ ಸಾಲು. ಆರಿಸಿ ಹಾಕಿದೆ. ಹಟ ಹಿಡಿದ ಮಗುವಿನ ಹಾಗೆ ಮತ್ತೆ ಅದೇ ಮಾತು.

ನನ್ನ ಕಸೂತಿ ಯಂತ್ರ ಈ ಹಳೆಯ ಕಂಪ್ಯೂಟರನ್ನು ಬಿಟ್ಟು ಬೇರೆ ಯಾರ ಮಾತನ್ನೂ ಕೇಳುವುದಿಲ್ಲ. ಅದಾದರೂ ಹೋಗಲಿ. ಮಕ್ಕಳ ಏಪ್ರನ್ನುಗಳಿಗೆಂದು ಅನ್ನ ಬೇಯುವ ನಡುವೆ, ಬಟ್ಟೆ ಒಣಗುವ ನಡುವೆ ಕೂತು ವರ್ಷಗಟ್ಟಲೆ ಬರೆದ ಆನೆ, ಆಮೆ, ಅಳಿಲುಗಳೆಲ್ಲ ಅದರ ಹೊಟ್ಟೆಯಲ್ಲೇ ಇದ್ದವು. ಬೇರೆಲ್ಲೂ ಒಂದು ಪ್ರತಿ ಇರಲಿಲ್ಲ.

ಫೈಲಿಗೆ ಕಾಲಿಲ್ಲ, ತಾನಾಗಿ ಎದ್ದು ಹೋಗಲು. ಯಾರೋ ಕೈಯಾಡಿಸಿದ್ದಾರೆ.

ಮಗಳು ತಲೆ ಬಾಚಿಕೊಳ್ಳುತ್ತಿದ್ದಳು. ಅವಳ ಹಿಂದೆ ಹೋಗಿ ನಿಂತೆ.

"ನಿನ್ನೆ ಕಂಪ್ಯೂಟರ್ ಮುಂದೆ ಕೂತಿದ್ದೆಯಾ?"

"ಕೂತಿದ್ದೆ. ಆಮೇಲೆ ಎದ್ದೆ."

"ಏನು ಮಾಡಿದೆ?"

"ಅಮ್ಮಾ, ನಲ್ಲಿ ಸೋರಿದ್ರೂ ನಾನೇ, ಹಾಲು ಉಕ್ಕಿದ್ರೂ ನಾನೇ, ಈಗ ಇದೂ ನಾನೇನಾ?"

ಮಾತು ಜೋರಾಗಿತ್ತು, ಕಣ್ಣು ಮಾತ್ರ ಕನ್ನಡಿಯಲ್ಲೂ ನನ್ನ ಕಣ್ಣಿಗೆ ಸಿಗಲಿಲ್ಲ. ಅಲ್ಲೇನೋ ಇದೆ ಎಂದುಕೊಂಡೆ. ಹೆಚ್ಚು ಕೆದಕಿದರೆ ಬಾಯಿ ಪೂರ್ತಿ ಮುಚ್ಚಿಕೊಳ್ಳುವ ಹುಡುಗಿ. ಬಿಟ್ಟೆ.

ಕಿಟಕಿಯ ಬಳಿ ಪತ್ರಿಕೆ ಓದುತ್ತಿದ್ದ ಮಾವ ಕನ್ನಡಕದ ಮೇಲಿಂದ ನೋಡಿದರು. "ಮುದಿ ಎತ್ತಮ್ಮ ಅದು. ಎಷ್ಟು ದಿನ ಅಂತ ನೊಗ ಕಟ್ತೀಯ?" ಎಂದು ಮತ್ತೆ ಪತ್ರಿಕೆಯೊಳಗೆ ಮುಳುಗಿದರು.

ರಿಪೇರಿಯವನು ಬಂದ. ಆ ಸಾಲನ್ನು ನೋಡಿದ್ದೇ ತಡ, "ಎಲ್ಲ ಅಳಿಸಿ ಹೊಸದಾಗಿ ಹಾಕ್ಬೇಕು ಅಕ್ಕ" ಎಂದ.

"ನನ್ನ ಚಿತ್ರಗಳು?"

"ಹೋಗ್ತವೆ. ಗಿಡ ನೆಡೋಕೆ ಮುಂಚೆ ಕಳೆ ಕೀಳಲ್ವಾ?"

"ನನ್ನ ಆನೆ ಕಳೆ ಅಲ್ಲ."

"ಇಲ್ಲಾಂದ್ರೆ ಅಂಗಡೀಲಿ ಇನ್ನೊಂದು ಇದೆ, ಇದಕ್ಕಿಂತ ಸ್ವಲ್ಪ ಹೊಸದು..."

ಓಹೋ, ಹೀಗೋ ವಿಷಯ ಎಂದುಕೊಂಡೆ. ಉರಿಯುವ ಮನೆಯಲ್ಲಿ ಗಳ ಹಿರಿಯುವವರು ಎಲ್ಲ ಕಾಲಕ್ಕೂ ಇರುತ್ತಾರೆ.

"ಅಳಿಸದೆ ಒಳಗೆ ಇಣುಕೋಕೆ ಆಗಲ್ವಾ?"

"ಆಗುತ್ತೆ. ಹೊತ್ತು ಹಿಡಿಯುತ್ತೆ."

"ಹಿಡೀಲಿ. ಟೀ ಕೊಡ್ತೀನಿ."

ಟೀ ಕೊಟ್ಟು, ಹುರುಳಿಕಾಯಿಯ ಬುಟ್ಟಿ ತಂದು ಅವನ ಪಕ್ಕದಲ್ಲೇ ಕೂತೆ. ಕೈ ಚಾಕುವಿನಿಂದ ನಾರು ಬಿಡಿಸುತ್ತಿತ್ತು, ಕಣ್ಣು ಅವನ ಬೆರಳುಗಳ ಮೇಲಿತ್ತು. ಅವನಿಗೂ ಗೊತ್ತಾಯಿತು. "ಕಾಯಿ ಕಡೆ ನೋಡಿ ಅಕ್ಕ, ಬೆರಳು ಕತ್ತರಿಸಿಕೊಂಡೀರಿ" ಎಂದ. ನಾನು ನಗಲಿಲ್ಲ.

ಅವನು ತನ್ನದೊಂದು ಸಿ.ಡಿ. ಹಾಕಿ, ಅದರ ಬಲದಿಂದ ಕಂಪ್ಯೂಟರನ್ನು ಎಬ್ಬಿಸಿ ಒಳಹೊಕ್ಕ. ನೋಡನೋಡುತ್ತ ಅವನ ಹುಬ್ಬು ಗಂಟಾಯಿತು.

"ಡಿಸ್ಕಿನ ಈ ಮೊದಲ ಜಾಗ ಹೊಸ್ತಿಲು ಇದ್ದ ಹಾಗೆ ಅಕ್ಕ. ಏಳೋಕೆ ಬೇಕಾದ ಫೈಲುಗಳು ಇಲ್ಲೇ ಬಿದ್ದಿರ್ಬೇಕು. ಒಂದೂ ಇಲ್ಲ, ಗುಡಿಸಿಟ್ಟ ಹಾಗಿದೆ. ಸಾಮಾನ್ಯವಾಗಿ ಇವು ಕಣ್ಣಿಗೇ ಬೀಳಲ್ಲ, ಮರೆಮಾಡಿರ್ತಾರೆ. ಯಾರೋ ಆ ಮರೆ ಸರಿಸಿದ್ದಾರೆ."

ಬಾಗಿಲಲ್ಲಿ ನಿಂತಿದ್ದ ಮಗಳ ಕಿವಿ ಕೆಂಪಾಯಿತು.

"ಸರಿಸೋದು ಹೇಗೆ ಅಂತ ಹೇಳ್ಕೊಟ್ಟಿದ್ದು ನಾನು. ಆದ್ರೆ ಮುಟ್ಟಿಲ್ಲಮ್ಮ, ಆಣೆಗೂ."

"ಯಾರಿಗೆ ಹೇಳ್ಕೊಟ್ಟೆ?"

ಅಷ್ಟರಲ್ಲಿ ರಿಪೇರಿಯವನು ಪರದೆಗೆ ಮೂಗು ತಾಗಿಸಿ ಓದಿದ. "ಇದ್ಯಾವ ಫೋಲ್ಡರ್? 'ಬಾಗಿಲ ಬಳಿಯ ಬಿಡಿ ಸಾಮಾನು' ಅಂತಿದೆ?"

ನಾವಿಬ್ಬರೂ ಕಿಟಕಿಯತ್ತ ತಿರುಗಿದೆವು. ಪತ್ರಿಕೆ ಅಲುಗಲಿಲ್ಲ.

ಮಾವ ಕೆಲಸದಲ್ಲಿದ್ದಷ್ಟು ಕಾಲವೂ ದೊಡ್ಡ ಗೋದಾಮಿನ ಉಸ್ತುವಾರಿಯಲ್ಲಿದ್ದವರು. ಬಾಗಿಲ ಬಳಿ ಬಿಡಿ ಸಾಮಾನು ಇರಕೂಡದು ಎಂಬುದು ಅವರ ಮೊದಲ ನಿಯಮ. ಒಮ್ಮೆ ಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿದ್ದ ಬೀಗದ ಕೈಯನ್ನೂ ಒಳಗಿನ ಕಪಾಟಿಗೆ ಸೇರಿಸಿ ಬಾಗಿಲೆಳೆದುಕೊಂಡು ಬಂದಿದ್ದರಿಂದ, ಮನೆಮಂದಿಯೆಲ್ಲ ಬೀದಿಯಲ್ಲಿ ನಿಂತದ್ದುಂಟು.

"ಮಾವ?"

ಪತ್ರಿಕೆ ಕೆಳಗಿಳಿಯಿತು. "ನಾನೇನು ಎಸೆದೆನಾ? ಹೊಸ್ತಿಲ ತುಂಬ ಹರಡಿತ್ತು. ನನ್ನ ಕೈಕೆಳಗಿನವರಾಗಿದ್ರೆ ಬೈದಿರ್ತಿದ್ದೆ. ಎಲ್ಲ ಒಂದು ಗೂಡಿಗೆ ಹಾಕಿ ಮೇಲೆ ಹೆಸರು ಬರೆದೆ. ಎಡವಿ ಬಿದ್ರೆ ಯಾರು ಜವಾಬ್ದಾರಿ?"

"ಕಂಪ್ಯೂಟರ್ ಒಳಗೆ ಯಾರು ತಾತ ಎಡವೋದು?"

"ನೀನು ಸುಮ್ನಿರು. ಹೇಳಲ್ಲ ಅಂತ ನಂಗೆ ಮಾತು ಕೊಟ್ಟಿದ್ದೆ."

"ನಾನೆಲ್ಲಿ ಹೇಳ್ದೆ? ನೀನು ಬರೆದಿದ್ದೇ ಹೇಳ್ತು!"

ರಿಪೇರಿಯವನು ನಗುತ್ತಲೇ ಆ ಫೈಲುಗಳನ್ನು ಮತ್ತೆ ಹೊಸ್ತಿಲಿಗೆ ತಂದಿಟ್ಟ. ಸಿ.ಡಿ. ತೆಗೆದು ಗುಂಡಿ ಒತ್ತಿದ. ಕಪ್ಪು ಪರದೆ ಒಂದಿಷ್ಟು ಹೊತ್ತು ನನ್ನ ಪ್ರಾಣ ಹಿಂಡಿ, ಆಮೇಲೆ ನೀಲಿಯಾಯಿತು. ಅವನನ್ನು ಸರಿಸಿ ನಾನೇ ಕೂತು ಕಸೂತಿಯ ಫೋಲ್ಡರ್ ತೆರೆದೆ.

ಖಾಲಿ.

"ಏನು ಮಾಡಿದ್ರಿ?" ಎಂದು ರಿಪೇರಿಯವನತ್ತ ತಿರುಗಿದೆ.

"ಅಯ್ಯೋ ಅಕ್ಕ, ಆ ಕಡೆ ತಲೆ ಹಾಕಿಯೂ ಮಲಗಿಲ್ಲ! ನೀವೇ ಪಕ್ಕದಲ್ಲಿ ಕಾವಲಿದ್ರಿ!"

ಕಿಟಕಿಯಿಂದ ಸಣ್ಣದೊಂದು ಕೆಮ್ಮು ಕೇಳಿತು.

"ಅವೂ ಚೆಲ್ಲಾಪಿಲ್ಲಿಯಾಗಿದ್ವಮ್ಮ. ತೂಕದ ಪ್ರಕಾರ, ಅಂದ್ರೆ ಫೈಲಿನ ಗಾತ್ರ ನೋಡಿ, ಬೇರೆ ಕಡೆ ಜೋಡಿಸಿದೀನಿ. ಭಾರದ್ದು ಕೆಳಗೆ, ಹಗುರದ್ದು ಮೇಲೆ."

ಬೈಯಬೇಕೆಂದು ಬಾಯಿ ತೆರೆದವಳು ಮಾತು ನುಂಗಿಕೊಂಡೆ. "ಎಲ್ಲ ಇದೆಯಾ?"

"ನನ್ನ ಕೈಗೆ ಬಂದ ಸಾಮಾನು ಯಾವತ್ತಾದ್ರೂ ಕಳೆದಿದೆಯಾ?"

ನನ್ನ ಕುರ್ಚಿ ಬಿಟ್ಟುಕೊಟ್ಟೆ. ಅವರು ಬಂದು ಕೂತು, ಒಂದೇ ಬೆರಳಿನಿಂದ ಗೂಡುಗಳನ್ನು ಒಂದೊಂದಾಗಿ ತೆರೆದರು. ರಿಪೇರಿಯವನಿಗೆ, "ಮೊದಲು ಇದೆಲ್ಲದರ ಪ್ರತಿ ತೆಗೀರಿ, ಎರಡು" ಎಂದೆ. ಮಗಳ ತಲೆ ಸವರಲು ಕೈ ಚಾಚಿದರೆ, "ಮೊದಲು ಸಾರಿ ಕೇಳು" ಎಂದು ಸರಿದು ನಿಂತಳು. ಕೇಳಿದೆ.

"ಆನೆ ಎಲ್ಲಿ ಮಾವ? ಕೆಳಗಿನ ಗೂಡಲ್ಲಿದೆಯಾ?"

"ಆನೆ ಹಗುರ ಕಣಮ್ಮ, ಮೇಲಿದೆ. ಅಳಿಲೇ ಎಲ್ಲಕ್ಕಿಂತ ಭಾರ. ಆ ಬಾಲಕ್ಕೆ ಎಷ್ಟೊಂದು ಹೊಲಿಗೆ ಹಾಕಿದೀಯ, ನೋಡ್ತಾ ನನ್ನ ಮಧ್ಯಾಹ್ನವೇ ಕಳೆದುಹೋಯ್ತು."