ಎಂಟನೆಯ ಗೂಟ

ಆಸ್ಪತ್ರೆಯ ಹಿಂದೆ ನೆಲದಿಂದ ಬಿಸಿಯಾಗಿಯೇ ಉಕ್ಕುವ ನೀರಿಗೆ ಕಟ್ಟಿದ ಕೊಳ ಅದು. ಹಬೆ ಎಷ್ಟು ದಟ್ಟವೆಂದರೆ, ಕಾವಲಿಗೆ ಮೆಟ್ಟಿಲ ಮೇಲೆ ನಿಂತ ನರ್ಸಿಗೆ ನೀರಿನಲ್ಲಿದ್ದವರ ಮುಖ ಕಾಣುತ್ತಿರಲಿಲ್ಲ. ಅದಕ್ಕೇ ಕೂಗುವ ಪದ್ಧತಿ. ಗೋಡೆಯಲ್ಲಿ ಎಂಟು ಗೂಟ. ಊರುಗೋಲು ತೂಗುಹಾಕಿದ ಗೂಟದ ಸಂಖ್ಯೆಯೇ ಆ ಹೊತ್ತಿಗೆ ರೋಗಿಯ ಹೆಸರು. ಮೂರು ನಿಮಿಷಕ್ಕೊಮ್ಮೆ ಅವಳು ಸಂಖ್ಯೆ ಕೂಗಬೇಕು, ಅವರು "ಇದ್ದೀನಿ" ಅನ್ನಬೇಕು.

ಹೋದ ವರ್ಷ ಏಳನೆಯ ಗೂಟದ ದರ್ಜಿಯಮ್ಮ ಪಕ್ಕದವಳ ದನಿ ಅಣಕಿಸಿ, ಎಂಟಕ್ಕೂ ತಾನೇ "ಇದ್ದೀನಿ" ಅಂದಿದ್ದಳು. ಎಲ್ಲರೂ ನಕ್ಕರು. ಅಣಕವೆಂದು ತಿಳಿದ ನರ್ಸೂ ನಕ್ಕಳು, ಮತ್ತೆ ಕೂಗಲಿಲ್ಲ. ಎಂಟನೆಯ ಗೂಟದ ಟೈಪಿಸ್ಟಮ್ಮ ಆಗಲೇ ನೀರಿನ ಕೆಳಗಿದ್ದಳು.

ಅಂದಿನಿಂದ ಎಂಟನೆಯ ಗೂಟ ಖಾಲಿ. ಆದರೂ ಏಳರವರೆಗೆ ಕೂಗಿ ಬಾಯಿ ಮುಚ್ಚಿದ ಮೇಲೆ, ಒಮ್ಮೊಮ್ಮೆ, ಹಬೆಯೊಳಗಿಂದ ಇನ್ನೊಂದು "ಇದ್ದೀನಿ" ಬರುತ್ತಿತ್ತು.

ಕೊನೆಗೊಂದು ದಿನ ಆ ಗೂಟಕ್ಕೆ ನರ್ಸಿನ ಅಮ್ಮನ ಕೋಲು ಬಂತು. "ನೋವಿನ ಮಾತ್ರೆ ಕಮ್ಮಿ ಮಾಡ್ಲೇಬೇಕು, ಕಿಡ್ನಿ ಕೈಕೊಡ್ತಿದೆ. ಬಿಸಿನೀರಲ್ಲಿ ನೋವು ಒಂದಿಷ್ಟು ಸಡಿಲವಾದ್ರೂ ಲಾಭವೇ" ಎಂದಿದ್ದರು ಡಾಕ್ಟರು.

"ಕಂಡವರನ್ನೆಲ್ಲ ಕೊಳಕ್ಕಿಳಿಸ್ತೀಯ, ಹೆತ್ತವಳಿಗೆ ಮಾತ್ರ ಬಕೆಟ್ಟು ನೀರು!" ಎಂದು ಅಮ್ಮ ಮೂರು ತಿಂಗಳಿಂದ ಚುಚ್ಚುತ್ತಿದ್ದಳು.

"ಬೇರೆ ಗೂಟ ಖಾಲಿಯಾಗ್ಲಿ ಇರಮ್ಮ."

"ಅಷ್ಟರಲ್ಲಿ ನಾನೇ ಖಾಲಿಯಾಗ್ತೀನಿ ಕಣೇ."

ಮೊದಲ ಸಲ ಕೂಗಿದಾಗ ಅಮ್ಮ ಸಿಡುಕಿ ಉತ್ತರಿಸಿದಳು. ಎರಡನೆಯ ಸಲವೂ. ಮೂರನೆಯ ಸಲ ನರ್ಸು "ಎಂಟು" ಎಂದಳು.

"ಇದ್ದೀನಿ."

ಥೇಟ್ ಅಮ್ಮನದೇ ದನಿ. ಸಿಡುಕು ಮಾತ್ರ ಇರಲಿಲ್ಲ.

ಅವಳು ಚಪ್ಪಲಿ ಸಮೇತ ನೀರಿಗೆ ಹಾರಿದಳು. ತಡಕಾಡಿದ ಕೈಗೆ ಕೂದಲು ಸಿಕ್ಕಿತು. ಅಮ್ಮನ ಮೂಗಿನವರೆಗೂ ನೀರು. ಮೆಟ್ಟಿಲಿಗೆ ಎಳೆದು ಬೆನ್ನು ತಟ್ಟಿದಳು. ಅಮ್ಮ ಕೆಮ್ಮಿ ಕೆಮ್ಮಿ ಕಣ್ಣು ಬಿಟ್ಟಳು.

"ತೂಕಡಿಕೆ ಹತ್ತಿತ್ತು ಕಣೇ. ನೀನು ಕೂಗ್ಲೇ ಇಲ್ವಲ್ಲ?"

"ಕೂಗ್ದೆ ಅಮ್ಮ."

ಹಬೆಯೊಳಗಿಂದ ದರ್ಜಿಯಮ್ಮನ ಅಳು ಕೇಳಿಸಿತು. "ನಾನಲ್ಲ ತಾಯಿ. ಈ ಸಲ ನಾನಲ್ಲ."

ಈಗ ಅವಳು ಕೂಗುವುದಿಲ್ಲ. ಎದೆಮಟ್ಟ ನೀರಿನಲ್ಲಿ ನಡೆಯುತ್ತ ಒಬ್ಬೊಬ್ಬರ ತಲೆ ಮುಟ್ಟಿ ನೋಡುತ್ತಾಳೆ. ಎಂಟು ತಲೆ. ಕೊನೆಯದು ಅಮ್ಮನದು, "ಕೂದಲು ಕೆದರ್ಬೇಡ್ವೇ" ಎಂದು ಬೈಯುವ ತಲೆ. ಅದನ್ನು ಮುಟ್ಟಿದ ಮೇಲೂ ಅವಳು ತಿರುಗುವುದಿಲ್ಲ. ಪಕ್ಕದ ಖಾಲಿ ನೀರಿನ ಮೇಲೆ ಅಂಗೈಯಿಟ್ಟು, ಒಂದು ಗಳಿಗೆ ಕಾಯುತ್ತಾಳೆ.