ಕ್ಲಾಂಗ್ ಫೋರ್‌ನ ಏಳು ವರ್ಷ

ನಮ್ಮಪ್ಪ ರಮಾನಂದ ಅವ್ರಿಗೆ ಮಲೇಷ್ಯಾದ ಕ್ಲಾಂಗ್ ಬಂದರಲ್ಲಿ ಕಂಟೇನರ್ ಪೇಪರ್ಸ್ ನೋಡ್ಕೊಳ್ಳೋ ಕೆಲಸ. 2011ರಲ್ಲಿ ಯಾವ್ದೋ ಹಡಗಿನ ಅಡುಗೆಯವ್ರು ರಿಟೈರ್ ಆಗ್ತಾ ಒಂದು ಡಬ್ಬ ತುಂಬಾ ಅಮೆರಿಕದ ‘ಸೋಲ್’ ಅನ್ನೋ ಥರದ ಹಾಡಿನ ಕ್ಯಾಸೆಟ್ಟು ಕೊಟ್ಟು ಹೋದ್ರು. ಅಷ್ಟೇ, ಅಪ್ಪಂಗೆ ಹುಚ್ಚು ಹಿಡೀತು. ಒಂದೇ ತಿಂಗಳಲ್ಲಿ ಗ್ರೂಪ್ ರೆಡಿ. ಅಮ್ಮ ಅನಿತಾ ಮುಖ್ಯ ಗಾಯಕಿ, ಅಪ್ಪಂದು ಕೆಳಗಿನ ದಪ್ಪ ದನಿ, ಅಣ್ಣ ಮಹಿತ್‌ದು ಮೇಲಿಂದು, ನಾನು, ಪ್ರಕೃತಿ, ಮಧ್ಯದಲ್ಲಿ ಎಲ್ಲೋ ಊ ಊ ಅಂತ. ನಂಗಾಗ ಹನ್ನೆರಡು ವರ್ಷ. ಹೆಸರು ‘ಕ್ಲಾಂಗ್ ಫೋರ್’. ಧಾಟಿ ಅಮೆರಿಕದ್ದು, ಮಾತು ಕನ್ನಡದ್ದು, ಬರೀತಿದ್ದಿದ್ದು ಅಪ್ಪನೇ. ಒಂದು ಹಾಡಂತೂ ಪೂರ್ತಿ ಕಸ್ಟಮ್ಸ್‌ನಲ್ಲಿ ಸಿಕ್ಕಾಕ್ಕೊಂಡಿರೋ ಪ್ರೀತಿ ಬಗ್ಗೆ.

ನಮ್ಮ ಕಾಂಡೋ ಫ್ಲ್ಯಾಟಲ್ಲಿ ಪ್ರಾಕ್ಟೀಸ್ ಮಾಡಿದ್ರೆ ಪಕ್ಕದ ಮನೆಯವ್ರು ಗೋಡೆ ಗುದ್ದೋರು. ಹಂಗಾಗಿ ಪ್ರಾಕ್ಟೀಸೆಲ್ಲ ಕಾರಲ್ಲಿ, ಪೆಟಾಲಿಂಗ್ ಜಯಾ ಹೈವೇ ಜಾಮಲ್ಲಿ. ಮುಂದೆ ಅಪ್ಪ ಅಮ್ಮ, ಹಿಂದೆ ನಾವಿಬ್ರು. ಸ್ಟೇಜ್ ಮೇಲೂ ಹಂಗೇ ನಿಲ್ತಿದ್ವಿ, ಮುಂದೆ ಇಬ್ರು ಹಿಂದೆ ಇಬ್ರು. ಜನ ಅದನ್ನ ಸ್ಟೈಲ್ ಅಂದ್ಕೊಂಡಿದ್ರು!

ಕನ್ನಡದವ್ರ ರಾಜ್ಯೋತ್ಸವದಲ್ಲಿ ಹಾಡಿದ್ವಿ, ಅಪ್ಪನ ಜೊತೆ ಕೆಲಸ ಮಾಡೋ ಸಿರಾಜ್ ಅಂಕಲ್ ಮಗಳ ಮದುವೆಯಲ್ಲಿ ಹಾಡಿದ್ವಿ, ಆಮೇಲೆ ಒಂದು ಹೋಟೆಲಲ್ಲಿ ತಿಂಗಳಿಗೆ ಎರಡು ಶನಿವಾರ. ಅಪ್ಪಂಗೆ ನೇರಳೆ ಕೋಟು. ಕನ್ನಡ ಒಂದಕ್ಷರ ಬರದ ಚೈನೀಸ್ ಆಂಟಿ ಒಬ್ರು ಕಸ್ಟಮ್ಸ್ ಹಾಡು ಕೇಳಿ ಅತ್ಬಿಟ್ರು. ಅಪ್ಪ ಅದನ್ನ ಒಂದು ವರ್ಷ ಎಲ್ಲರಿಗೂ ಹೇಳ್ಕೊಂಡು ಓಡಾಡಿದ್ರು.

ಎಡವಟ್ಟಾಗಿದ್ದು 2015ರ ಡಿಸೆಂಬರ್‌ನಲ್ಲಿ. ಹೋಟೆಲಿನ ಮ್ಯಾನೇಜರ್ ದೇವದಾಸ ಅಂಕಲ್ ಫೋಟೋಗೆ ಚೆನ್ನಾಗಿರತ್ತೆ ಅಂತ ನಾಲ್ಕೂ ಜನಾನ ಒಂದೇ ಸಾಲಲ್ಲಿ ನಿಲ್ಸಿದ್ರು. ಮುಂದಿಂದ ಬರ್ಬೇಕಾದ ಅಪ್ಪನ ದನಿ ನನ್ನ ಎಡಗಿವಿಗೆ ಬಂತು, ನಾನು ಅಪ್ಪಂದೇ ಹಾಡೋಕೆ ಶುರು ಮಾಡ್ದೆ, ಅಣ್ಣ ನಂದು ಹಾಡ್ದ, ಅಮ್ಮ ಸುಮ್ನೆ ನಿಂತು ನಗ್ತಿದ್ರು. ಮುಂದಿನ ತಿಂಗಳಿಂದ ಹೋಟೆಲಿಗೆ ಡಿಜೆ ಬಂದ. ನಮಗೆ ಉಳಿದಿದ್ದು ಬರ್ತ್‌ಡೇ ಪಾರ್ಟಿಗಳು. ಅಲ್ಲಿ ಮಕ್ಕಳೆಲ್ಲ ಮ್ಯಾಜಿಕ್‌ನವ್ನು ಯಾವಾಗ ಬರ್ತಾನೆ ಅಂತ ನಮ್ಮನ್ನೇ ಕೇಳ್ತಿದ್ವು.

ಅಣ್ಣಂಗೆ ಪೆನಾಂಗಿನ ಬಯಾನ್ ಲೆಪಾಸ್‌ನಲ್ಲಿ ಚಿಪ್ ಫ್ಯಾಕ್ಟರಿ ಕೆಲಸ ಸಿಕ್ತು. ಪ್ರತಿ ಶುಕ್ರವಾರ ಐದು ಗಂಟೆ ಹೊತ್ತು ಬಸ್ಸಲ್ಲಿ ಕೂತು ಬರೋನು, ಕಾರಲ್ಲಿ ಹಾಡ್ತಾ ಹಾಡ್ತಾನೇ ನಿದ್ದೆ ಹೋಗೋನು. ನಾನು ಯೂನಿವರ್ಸಿಟಿ ಸೇರ್ಕೊಂಡು ಶನಿವಾರದ ಲ್ಯಾಬ್ ತಪ್ಪಿಸ್ತಾ ತಪ್ಪಿಸ್ತಾ ಫೇಲ್ ಆಗೋ ಹಂತಕ್ಕೆ ಬಂದಿದ್ದೆ. ಇಬ್ಬರಿಗೂ ಬಿಡ್ಬೇಕಿತ್ತು, ಅಪ್ಪಂಗೆ ಹೇಳೋ ಧೈರ್ಯ ಇಬ್ಬರಿಗೂ ಇರ್ಲಿಲ್ಲ.

ಅಷ್ಟರಲ್ಲಿ, 2018ರಲ್ಲಿ, ದೇವದಾಸ ಅಂಕಲ್ ಫೋನ್ ಮಾಡಿದ್ರು. ಡಿಜೆ ಹೋದನಂತೆ, ಒಂದು ವರ್ಷ ಪ್ರತಿ ಶನಿವಾರ ನಾವೇ ಹಾಡ್ಬೇಕಂತೆ. ಅಪ್ಪ ನಮ್ಮನ್ನೆಲ್ಲ ತಮಿಳು ಮುಸ್ಲಿಮರ ಮಾಮಕ್ ತಿಂಡಿ ಅಂಗಡಿಗೆ ಕರ್ಕೊಂಡು ಹೋಗಿ, ಎಲ್ಲರಿಗೂ ಎರಡೆರಡು ರೋಟಿ ಹೇಳಿ, ಕೋಟು ಡ್ರೈ ಕ್ಲೀನಿಂಗಿಗೆ ಕೊಟ್ಟಾಯ್ತು ಅಂದ್ರು. ನಾನು ಮೇಜಿನ ಕೆಳಗೆ ಅಣ್ಣನ ಕಾಲು ತುಳಿದೆ. ಅವ್ನು ನನ್ನದು ತುಳಿದ. ಕೊನೆಗೆ ಅವ್ನೇ ಬಾಯಿ ಬಿಟ್ಟ.

“ಅಪ್ಪ, ಐ ಕಾಂಟ್ ಲಾ. ನಂಗಾಗಲ್ಲ. ಪ್ರಕೃತಿಗೂ ಆಗಲ್ಲ.”

ಅಪ್ಪ ನನ್ನ ಕಡೆ ನೋಡಿದ್ರು. ನಾನು ಸಾಂಬಾರ್ ಕಡೆ ನೋಡಿದೆ. ಅಪ್ಪ ಒಂದು ರೋಟಿ ಪೂರ್ತಿ ತಿಂದು ಮುಗಿಸಿ ಕೇಳಿದ್ರು.

“ಎಷ್ಟು ದಿನದಿಂದ?”

“ಎರಡು ವರ್ಷ,” ಅಂದ ಅಣ್ಣ.

“ಎರಡು ವರ್ಷ ಬಸ್ಸಲ್ಲಿ ಬಂದ್ಯಲ್ಲೋ, ಪೆದ್ದ.”

ಅಪ್ಪ ತಮ್ಮ ಎರಡನೇ ರೋಟಿ ಅಣ್ಣನ ತಟ್ಟೆಗೆ ಹಾಕಿದ್ರು. ನಂಗೆ ಅಳು ಬರೋ ಹಂಗಾಯ್ತು. ಹಂಗಾದ್ರೆ ಶನಿವಾರ ನಾನೇನ್ ಮಾಡ್ಲಿ ಅಂತ ಅಪ್ಪ ಯಾರ ಕಡೆಗೂ ನೋಡದೆ ಕೇಳಿದ್ರು.

“ರೀ, ನನ್ನ ಸಿನಿಮಾಗೆ ಕರ್ಕೊಂಡ್ ಹೋಗಿ,” ಅಂದ್ರು ಅಮ್ಮ. “ಏಳು ವರ್ಷ ಆಯ್ತು ಥಿಯೇಟರ್ ನೋಡಿ.”

ಅಪ್ಪ ಅಲ್ಲೇ ಎದ್ದು, ಫುಟ್‌ಪಾತ್ ಮೇಲೆ ನಿಂತು ದೇವದಾಸ ಅಂಕಲ್‌ಗೆ ಫೋನ್ ಮಾಡಿದ್ರು. ಮಕ್ಕಳಿಗೆ ಟೈಮಿಲ್ಲ, ಹುಷಾರಿಲ್ಲ ಅಂತ ಏನೋ ನೆಪ ಹೇಳ್ತಾರೆ ಅಂದ್ಕೊಂಡಿದ್ದೆ.

“ನಿಲ್ಸಿಬಿಟ್ವಿ ದೇವದಾಸ್,” ಅಂದ್ರು. “ಹ್ಞೂಂ, ಪೂರ್ತಿ. ನಾವು ತುಂಬಾ ಚೆನ್ನಾಗಿ ಹಾಡ್ತಿದ್ವಿ, ಅಲ್ವಾ?”

ಆ ಕಡೆಯಿಂದ ಅವ್ರು ಏನೋ ಹೇಳಿರ್ಬೇಕು, ಅಪ್ಪ ಬಹಳ ಹೊತ್ತು ನಗ್ತಾ ನಿಂತಿದ್ರು. ಮುಂದಿನ ಶನಿವಾರ ನಾನು ಲ್ಯಾಬಿಗೆ ಹೋದೆ, ಅಣ್ಣ ಪೆನಾಂಗಲ್ಲಿ ಮಧ್ಯಾಹ್ನದವರೆಗೂ ಮಲಗಿದ್ದ, ಅಪ್ಪ ಅಮ್ಮ ಎರಡು ಸಿನಿಮಾ ನೋಡ್ಕೊಂಡು ಬಂದ್ರು.