ಕೋದಂಡರಾಮಯ್ಯನವರ ಅಳತೆ ಟೇಪು

ನಿಂತ ವಾಹನವನ್ನು ಯಾರು ಬೇಕಾದರೂ ಅಳೆದಾರು. ಕೋದಂಡರಾಮಯ್ಯನವರು ಓಡುತ್ತಿರುವುದನ್ನೂ ಅಳೆಯುತ್ತಿದ್ದರು. ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಟಾಕೀಸಿನ ಜಟಕಾ ಗಾಡಿ ಎರಡೂ ಮಗ್ಗುಲಿಗೆ ಸಿನಿಮಾ ಬೋರ್ಡು ಕಟ್ಟಿಕೊಂಡು ಹೊರಟಿತೆಂದರೆ, ಕುದುರೆಯ ಹೆಜ್ಜೆಗೆ ಹೆಜ್ಜೆ ಸೇರಿಸಿ, ಒಂದು ಕೈಯಲ್ಲಿ ಟೇಪಿನ ತುದಿಯನ್ನೂ ಇನ್ನೊಂದರಲ್ಲಿ ಅದರ ಸುರುಳಿಯನ್ನೂ ಹಿಡಿದು, ಏಡಿಯ ಹಾಗೆ ಓರೆಯಾಗಿ ಓಡುವ ಆ ಕೃಶ ಶರೀರವನ್ನು ಕಂಡು ಮಗ್ಗದ ಮನೆಗಳ ಬಾಗಿಲಲ್ಲಿ ನಿಂತವರೆಲ್ಲ ನಗುತ್ತಿದ್ದರು. ಅವರು ಮಾತ್ರ ನಗುತ್ತಿರಲಿಲ್ಲ. "ಮೂರೂವರೆ, ಎರಡೂಕಾಲು" ಎಂದು ತಮಗೆ ತಾವೇ ಹೇಳಿಕೊಂಡು, ಬೇಸಿಗೆಯಲ್ಲೂ ಬಿಚ್ಚದ ಬೂದುಬಣ್ಣದ ಕೋಟಿನ ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಳ್ಳುತ್ತಿದ್ದರು.

ಪುರಸಭೆಯಲ್ಲಿ ವಾಹನಗಳ ಮೇಲಿನ ಜಾಹೀರಾತಿಗೆ ಪರ್ಮಿಟ್ ಕೊಡುವ ಗುಮಾಸ್ತರು ಅವರು. ಎಂಬತ್ತರ ದಶಕದ ಕೊನೆಯಿಂದ ನಾನು ಅದೇ ಕೋಣೆಯಲ್ಲಿ ಟಪಾಲು ನೋಡಿಕೊಳ್ಳುತ್ತಿದ್ದೆ. ನಿಯಮವೇನೋ ಸರಳವಾಗಿತ್ತು: ಬಸ್ಸಿರಲಿ ಆಟೋ ಇರಲಿ, ಸರಕಿನ ಹೆಸರನ್ನೋ ಚಿತ್ರವನ್ನೋ ಬರೆಸಿದರೆ ಅರ್ಜಿ ಕೊಡಬೇಕು, ಮಾರ್ಚ್ ಕೊನೆಗೆ ಅವಧಿ ಮುಗಿಯುತ್ತದೆ, ಮತ್ತೆ ಪರ್ಮಿಟ್ ಪಡೆಯದಿದ್ದರೆ ಗುಮಾಸ್ತರ ಕಣ್ಣೆದುರಿಗೇ ಅಳಿಸಬೇಕು. ಊರಿನವರಿಗೆ ಇದು ಇದ್ದೂ ಇಲ್ಲದ ನಿಯಮ, ಇವರಿಗೆ ವೇದವಾಕ್ಯ. ಹಾಗೆಂದು ಇಲ್ಲದ ತಪ್ಪು ಹುಡುಕುವವರಲ್ಲ. ಆಟೋದ ಬೆನ್ನಿಗೆ 'ತಾಯಿಯ ಆಶೀರ್ವಾದ' ಎಂದು ಬರೆಸಿದ್ದವನೊಬ್ಬ ಹೆದರಿಕೊಂಡು ಬಂದಾಗ, ಕನ್ನಡಕದ ಮೇಲಿಂದ ಅವನನ್ನು ನೋಡಿ, "ತಾಯಿ ಸರಕಲ್ಲ ಕಣಪ್ಪಾ, ಪರ್ಮಿಟ್ ಬೇಕಿಲ್ಲ. ಹೋಗು" ಎಂದು ಕಳಿಸಿದ್ದರು.

ಅವರದೊಂದು ವಿಚಿತ್ರ ಅಭ್ಯಾಸವಿತ್ತು. ಬೆಳಿಗ್ಗೆ ಹನ್ನೊಂದಾಯಿತೆಂದರೆ, ಎದುರಿಗೆ ಯಾರೇ ಕೂತಿರಲಿ, ಬರೆಯುತ್ತಿದ್ದ ವಾಕ್ಯವನ್ನು ಅರ್ಧಕ್ಕೆ ಬಿಟ್ಟು, ನೀರಿನ ಲೋಟ ಹಿಡಿದು ಕಿಟಕಿಯ ಬಳಿ ನಿಲ್ಲುತ್ತಿದ್ದರು. ನೆಲಮಂಗಲದಿಂದ ಬರುವ ಖಾಸಗಿ ಬಸ್ಸು ಹಾದುಹೋಗುತ್ತಿತ್ತು. ಕೈಯಲ್ಲಿನ ನೀರು ಕುಡಿಯದೆಯೇ ಹಿಂದಿರುಗುತ್ತಿದ್ದರು. ಇದರ ಗುಟ್ಟನ್ನು ನನಗೆ ಹೇಳಿದವನು ಅವರ ಪಕ್ಕದ ಮನೆಯ ಪೇಂಟರ್ ಮುನಿಸ್ವಾಮಿ.

ಆ ಬಸ್ಸಿನ ಪಕ್ಕೆಯ ಮೇಲೆ ಲಕ್ಷ್ಮಯ್ಯನವರ ಸೀರೆ ಅಂಗಡಿಯ ಜಾಹೀರಾತಿತ್ತು: ನೇರಳೆ ಸೀರೆ, ಹಸಿರು ಅಂಚು, ಸೆರಗನ್ನು ಎರಡು ಬೆರಳಲ್ಲಿ ಹಿಡಿದು ನಿಂತ ಹೆಂಗಸು. ಮುನಿಸ್ವಾಮಿಗೆ ಅಕ್ಷರ ಒಲಿದಷ್ಟು ಮುಖ ಒಲಿದಿರಲಿಲ್ಲ. ಕುಂಚ ಹಿಡಿದು ನಿಂತಾಗ ಅವನಿಗೆ ನೆನಪಾದದ್ದು ದಿನವೂ ನಲ್ಲಿಯ ಬಳಿ ಕಾಣುತ್ತಿದ್ದ ಮುಖ, ಕೋದಂಡರಾಮಯ್ಯನವರ ಹೆಂಡತಿ ಬನಶಂಕರಮ್ಮನದು. ಆಕೆ ಬಸ್ಸು ನೋಡಿ ನಾಚಿ, ನಾಲ್ಕು ದಿನ ನಲ್ಲಿಗೇ ಬರಲಿಲ್ಲವಂತೆ. ಗಂಡ ಮಾತ್ರ ಬಸ್ಸಿನ ಬಳಿ ಹೋಗಿ, ಎತ್ತರ ಆರಡಿ, ಅಗಲ ನಾಲ್ಕಡಿ ಎಂದು ಅಳೆದು ಪರ್ಮಿಟ್ ಕೊಟ್ಟರು. ಎರಡು ವರ್ಷಕ್ಕೆ ಆಕೆ ಕಾಮಾಲೆಯಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಇದ್ದೊಂದು ಮದುವೆಯ ಫೋಟೋವನ್ನು ಗೆದ್ದಲು ತಿಂದುಹಾಕಿತ್ತು. ಆಮೇಲೆ ಆ ಮುಖ ಉಳಿದಿದ್ದು ಬಸ್ಸಿನ ತಗಡಿನ ಮೇಲೆ ಮಾತ್ರ.

ತೊಂಬತ್ತೊಂದರಲ್ಲಿ ಲಕ್ಷ್ಮಯ್ಯ ಅಂಗಡಿ ಮುಚ್ಚಿ ಹಿಂದೂಪುರಕ್ಕೆ ಹೊರಟುಹೋದರು. ಮುಂದಿನ ಮಾರ್ಚ್ ಬಂತು; ಪರ್ಮಿಟ್ ಕೇಳುವವರು ಯಾರೂ ಬರಲಿಲ್ಲ. ಕೊನೆಯ ವಾರದಲ್ಲಿ ಕೋದಂಡರಾಮಯ್ಯನವರು ತಮ್ಮ ಮೇಜಿನಿಂದೆದ್ದು, ನಾಲ್ಕು ಹೆಜ್ಜೆ ನಡೆದು, ಹೊರಗಿನವರಂತೆ ನನ್ನೆದುರು ನಿಂತು ಒಂದು ಅರ್ಜಿ ಚಾಚಿದರು. ಅರ್ಜಿ ಅವರದೇ ಹೆಸರಿನಲ್ಲಿತ್ತು. ಜಾಹೀರಾತಿನ ಸರಕು ಯಾವುದೆಂಬಲ್ಲಿ 'ಇಲ್ಲ' ಎಂದಿತ್ತು. ಜಾಹೀರಾತಿಗೂ ಅರ್ಜಿದಾರರಿಗೂ ಏನು ಸಂಬಂಧವೆಂಬಲ್ಲಿ ಎಲ್ಲರೂ 'ಮಾಲೀಕರು' ಎಂದು ಬರೆಯುತ್ತಾರೆ. ಇವರು 'ಪತಿ' ಎಂದು ಬರೆದಿದ್ದರು. ನನಗೆ ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ನಂಬರು ಹಾಕಿ, ಸೀಲು ಒತ್ತಿ, ಕಛೇರಿಯ ಪದ್ಧತಿಯಂತೆ ಅದನ್ನು ಅವರ ಮೇಜಿಗೇ ಕಳಿಸಿದೆ.

ಮೂರು ದಿನ ಆ ಕಡತ ಅವರೆದುರು ಬಿದ್ದಿತ್ತು. ನಾಲ್ಕನೆಯ ದಿನ ಹಿಂಬರಹ ಬರೆದರು: 'ಚಿತ್ರದಲ್ಲಿ ಸೀರೆಯು ಸ್ಪಷ್ಟವಾಗಿ ಕಂಡುಬರುತ್ತಿದ್ದು, ಸೀರೆಯು ಈ ಊರಿನ ಸರಕಾಗಿರುವುದರಿಂದ, ಸರಕು ಇಲ್ಲವೆಂಬ ಅರ್ಜಿದಾರರ ಹೇಳಿಕೆಯನ್ನು ಒಪ್ಪಲಾಗದು. ಅರ್ಜಿಯನ್ನು ತಿರಸ್ಕರಿಸಿದೆ.' ಅದನ್ನು ಲಕೋಟೆಯಲ್ಲಿಟ್ಟು, ಸ್ವಂತ ಮನೆಯ ವಿಳಾಸ ಬರೆದು, ಟಪಾಲಿಗೆಂದು ನನ್ನ ಕೈಗೆ ಕೊಟ್ಟರು. ನನಗೆ ಸಂಕಟಕ್ಕಿಂತ ಮೊದಲು ಸಿಟ್ಟು ಬಂತು.

"ಸುಮ್ನೆ ಬಿಟ್ಬಿಡಿ ಸಾರ್. ಅದು ಅಲ್ಲಿದ್ರೆ ಯಾರ್ ಕೇಳ್ತಾರೆ?"

"ನಾನು ಕೇಳ್ತೀನಲ್ಲಪ್ಪಾ" ಎಂದರು.

ಏಪ್ರಿಲ್ ಮೊದಲ ದಿನ ಬಸ್ಸಿನ ಶೆಡ್ಡಿಗೆ ನಾನೂ ಜೊತೆಯಲ್ಲಿ ಹೋದೆ. ಮುನಿಸ್ವಾಮಿ ನೀಲಿ ಬಣ್ಣದ ಡಬ್ಬ ಹಿಡಿದು ಕಾಯುತ್ತಿದ್ದ. ಮೊದಲು ಅಂಗಡಿಯ ಹೆಸರು ಹೋಯಿತು. ಆಮೇಲೆ ಹಸಿರು ಅಂಚು, ನೇರಳೆ ನೆರಿಗೆ, ಸೆರಗು ಹಿಡಿದ ಎರಡು ಬೆರಳು. ಕತ್ತಿನ ಬಳಿಗೆ ಬಂದಾಗ ಅವನ ಕುಂಚ ನಿಂತಿತು.

"ಸಾಮೀ, ಸೀರೆ ಹೋಯ್ತು. ಇನ್ನುಳಿದಿರೋದು ಬರೀ ಮುಖ. ಮುಖ ಸರಕಲ್ವಲ್ಲಾ, ಇದ್ರೆ ಇರ್ಲಿ ಬಿಡಿ."

ನನ್ನ ಎದೆ ಹಗುರಾಯಿತು. ಅವನ ಮಾತು ಸರಿಯಾಗಿತ್ತು. ಆಟೋದವನಿಗೆ ಇವರೇ ಕೊಟ್ಟ ತೀರ್ಪು ಅದು. ಕೋದಂಡರಾಮಯ್ಯನವರಿಗೂ ಅದು ಹೊಳೆಯಿತು. ಟೇಪು ಬಿಚ್ಚಿ, ಆ ಮುಖದ ಕೆಳಗಿಂದ ಮೇಲಕ್ಕೆ ಹಿಡಿದು, ಅಂಕಿಯನ್ನು ನೋಡದೆ ಬಹಳ ಹೊತ್ತು ನಿಂತರು. ಅಲ್ಲಿಯವರೆಗೆ ಅವರ ಬಾಯಲ್ಲಿ ಹೆಂಡತಿಯ ವಿಷಯವಾಗಿ ಒಂದು ಮಾತನ್ನೂ ನಾನು ಕೇಳಿರಲಿಲ್ಲ.

"ಬೇಡ ಕಣೋ ಮುನಿಸ್ವಾಮಿ" ಎಂದರು. "ಸೀರೆ ಅಳಿಸ್ಬಿಟ್ಟು ಬರೀ ಮುಖ ಬಿಟ್ರೆ, ಅವ್ಳು ನಾಲ್ಕು ಜನದ ಮುಂದೆ ಹೆಂಗೆ ನಿಲ್ತಾಳೆ? ನಾಚ್ಕೋತಾಳೆ. ಹೊಡಿ."

ಮುನಿಸ್ವಾಮಿ ಕಣ್ಣೊರೆಸಿಕೊಂಡು ಹೊಡೆದ. ಇವರು ಪುಸ್ತಕ ತೆಗೆದು 'ನನ್ನ ಸಮಕ್ಷಮದಲ್ಲಿ ಅಳಿಸಲಾಗಿದೆ' ಎಂದು ಬರೆದು ಸಹಿ, ತಾರೀಖು ಹಾಕಿದರು. ಮಾರನೆಯ ದಿನ ಹನ್ನೊಂದಕ್ಕೆ ಎಂದಿನಂತೆ ಲೋಟ ಹಿಡಿದು ಕಿಟಕಿಯ ಬಳಿ ನಿಂತರು. ಬರಿಯ ನೀಲಿ ಬಸ್ಸು ಹಾದುಹೋಯಿತು. ಅವರು ನೀರನ್ನೆಲ್ಲ ಕುಡಿದು ಬಂದು, ಅರ್ಧಕ್ಕೆ ಬಿಟ್ಟಿದ್ದ ವಾಕ್ಯವನ್ನು ಮುಗಿಸಿದರು.

ನಿಯಮಕ್ಕೆ ಜೋತುಬಿದ್ದವರನ್ನು ಕಂಡರೆ ಇವರ ಎದೆಯಲ್ಲಿ ಏನೂ ಇಲ್ಲವೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನಾನೂ ಹೇಳಿದವನೇ. ಊರಿಗೆ ಹಿಡಿದ ಟೇಪನ್ನೇ ತಮಗೂ ಹಿಡಿದುಕೊಳ್ಳುವ ಇಂಥ ಜನ, ಸಡಿಲಿಸಲು ದಾರಿ ಸಿಕ್ಕ ದಿನವೂ ತಮಗಾಗಿ ಸಡಿಲಿಸುವುದಿಲ್ಲ. ಅವರ ಪ್ರೀತಿ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ; ಏಕೆಂದರೆ ಅದನ್ನು ಅವರು ಎದುರಿಗೆ ನಿಂತು ಅಳಿಸಿ, ಅಳಿಸಿದೆವೆಂದು ಸಹಿಯನ್ನೂ ಹಾಕಿರುತ್ತಾರೆ.